ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕ್ರೈಸ್ತ ಸಭೆಗಳ ಒಗ್ಗೂಡಿದ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲರೂ ಕ್ರೈಸ್ತರೇ ಅಲ್ಲವೇ? ಅವರು ಜೊತೆಗೂಡಿ ಕೆಲಸ ಮಾಡಿದ್ದರಲ್ಲಿ ಚರಿತ್ರೆ ಎನ್ನುವಂಥದ್ದು ಏನಿದೆ?

ಹೊರಗಿನವರಿಗೆ ಶಿಲುಬೆ ಇರುವ ಕಟ್ಟಡವೆಲ್ಲ ಒಂದೇ ಚರ್ಚು. ಒಳಗಿನ ಲೆಕ್ಕ ಬೇರೆ. ಒಂದೇ ಊರಿನಲ್ಲಿ ಕಥೋಲಿಕರು, ಸಿ.ಎಸ್.ಐ.ನವರು (ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಸೇರಿ ಆದ ದಕ್ಷಿಣ ಭಾರತ ಸಭೆಯವರು), ಮೆಥೋಡಿಸ್ಟರು ಇದ್ದರೆ ಅವರ ದೀಕ್ಷಾಸ್ನಾನದ ರಿಜಿಸ್ಟರುಗಳು ಬೇರೆ, ಮದುವೆಯ ನಿಯಮಗಳು ಬೇರೆ, ಬಿಷಪ್ ಬೇರೆ, ಅನೇಕ ಕಡೆ ಸಮಾಧಿ ಭೂಮಿಯೂ ಬೇರೆ. ಒಬ್ಬರ ಆರಾಧನೆಗೆ ಇನ್ನೊಬ್ಬರು ಕಾಲಿಡಬಾರದು ಎಂಬ ಕಟ್ಟುಪಾಡು ಇನ್ನೂ ಬದುಕಿರುವ ಹಿರಿಯರ ನೆನಪಿನಲ್ಲಿಯೇ ಇದೆ. ಹೀಗಿದ್ದವರು ಆಸ್ಪತ್ರೆ, ಶಾಲೆ, ಪುಸ್ತಕ, ಬರಪರಿಹಾರ ಮುಂತಾದ ಕೆಲಸಗಳಲ್ಲಿ ಒಬ್ಬರಿಗೊಬ್ಬರು ಕೈಜೋಡಿಸಿದ್ದು ಹೇಗೆ ಎಂಬುದೇ ಇಲ್ಲಿನ ವಿಷಯ. ಆ ಸಹಕಾರ ದೇವತಾಶಾಸ್ತ್ರದ ಚರ್ಚೆಯಿಂದ ಹುಟ್ಟಿದ್ದಲ್ಲ. ಕೆಲಸ ಬೆಟ್ಟದಷ್ಟಿದ್ದು ಕೈಗಳು ಕಡಿಮೆಯಿದ್ದ ಕಾರಣಕ್ಕೆ ಹುಟ್ಟಿದ್ದು. ಸಿದ್ಧಾಂತದ ಮಾತುಕತೆ ಅದರ ಹಿಂದೆ ಬಂತು. ಕೆಲವು ಕಡೆ ಬರಲೇ ಇಲ್ಲ.

ಈ ಮೂರು ಜಿಲ್ಲೆಗಳಿಗೆ ಯಾವ ಯಾವ ಪಂಗಡಗಳು ಬಂದವು?

ಸ್ಥೂಲವಾಗಿ ಹೇಳುವುದಾದರೆ ತುಮಕೂರು ಸೀಮೆ ಬ್ರಿಟನ್ನಿನ ವೆಸ್ಲಿಯನ್ ಮೆಥೋಡಿಸ್ಟರದು, ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನವರದು, ಕೋಲಾರ ಅಮೆರಿಕದ ಮೆಥೋಡಿಸ್ಟರದು. ತುಮಕೂರು ಜಿಲ್ಲೆಯ ಗುಬ್ಬಿಯು ವೆಸ್ಲಿಯನ್ನರು ಕನ್ನಡದಲ್ಲಿ ಕೆಲಸ ಆರಂಭಿಸಿದ ಮೊದಮೊದಲ ಠಾಣ್ಯಗಳಲ್ಲಿ ಒಂದು; 1830ರ ದಶಕದ ಕೊನೆಗೇ ಅಲ್ಲಿ ಮಿಷನರಿಗಳು ನೆಲೆಸಿದ್ದರು. ಕಥೋಲಿಕರು ಇವರೆಲ್ಲರಿಗಿಂತ ಮುಂಚಿನವರು. ಇಂದು ಈ ಮೂರೂ ಜಿಲ್ಲೆಗಳ ಕಥೋಲಿಕ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಪ್ರಾಂತಕ್ಕೆ ಸೇರಿವೆ.

ಹಳೆಯ ಕಾಗದಪತ್ರ ಓದುವವರು ಒಂದು ವಿಷಯ ಗಮನದಲ್ಲಿಡಬೇಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ವರದಿಗಳಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರುಗಳೂ ಅದರೊಳಗೇ ಬಂದವು. ಕೋಲಾರದ ಮೆಥೋಡಿಸ್ಟರ ಕೆಲಸವನ್ನೂ ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿನ ಕೆಲಸವನ್ನೂ ಒಂದೇ ಎಂದು ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ.

ಹೀಗೆ ಸೀಮೆ ಹಂಚಿಕೊಂಡದ್ದನ್ನು ಸಹಕಾರ ಎನ್ನಬಹುದೇ?

ಅರ್ಧ ಮಾತ್ರ ಎನ್ನಬಹುದು. ಒಬ್ಬರು ಕೆಲಸ ಮಾಡುವ ತಾಲ್ಲೂಕಿಗೆ ಇನ್ನೊಬ್ಬರು ಹೋಗಬಾರದು ಎಂಬ ಒಪ್ಪಂದ ಪ್ರೊಟೆಸ್ಟೆಂಟ್ ಮಿಷನ್ನುಗಳ ನಡುವೆ ಇತ್ತು. ಜಗಳ ತಪ್ಪಿಸುವುದು ಮತ್ತು ದುಡ್ಡು ಉಳಿಸುವುದು ಅದರ ಉದ್ದೇಶ. ಕಥೋಲಿಕರು ಆ ಒಪ್ಪಂದದಲ್ಲಿ ಇರಲಿಲ್ಲ. ಇದರ ಫಲ ವಿಚಿತ್ರವಾದದ್ದು: ಗುಬ್ಬಿಯ ಒಕ್ಕಲು ವೆಸ್ಲಿಯನ್ ಆದದ್ದೂ ಚಿಕ್ಕಬಳ್ಳಾಪುರದ ಒಕ್ಕಲು ಲಂಡನ್ ಮಿಷನ್ನಿನ ಕಾಂಗ್ರಿಗೇಷನಲ್ ಪದ್ಧತಿಗೆ, ಅಂದರೆ ಪ್ರತಿ ಊರಿನ ಸಭೆಯೂ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಪದ್ಧತಿಗೆ, ಸೇರಿದ್ದೂ ಯಾವ ತತ್ತ್ವವನ್ನೂ ಅಳೆದು ನೋಡಿ ಅಲ್ಲ, ಹುಟ್ಟಿದ ಊರು ಯಾರ ಪಾಲಿಗೆ ಬಂದಿತ್ತೋ ಅದರ ಪ್ರಕಾರ. ಇಂಗ್ಲೆಂಡಿನ ಮತ್ತು ಅಮೆರಿಕದ ಹಳೆಯ ಭಿನ್ನಾಭಿಪ್ರಾಯಗಳು ನಮ್ಮ ಹಳ್ಳಿಗಳಿಗೆ ತಾಲ್ಲೂಕಿನ ಗಡಿಗಳಾಗಿ ಬಂದು ಇಳಿದವು. ಮುಂದೆ ಭಾರತೀಯ ಕ್ರೈಸ್ತರು ‘ಈ ಭೇದಗಳು ನಮ್ಮವಲ್ಲ’ ಎಂದು ಕೇಳತೊಡಗಿದಾಗ ಅವರ ಮಾತಿಗೆ ಬಲ ಬಂದದ್ದು ಈ ಕಾರಣದಿಂದಲೇ.

1876–78ರ ಬರಗಾಲದಲ್ಲಿ ಸಭೆಗಳು ಒಟ್ಟಾಗಿ ದುಡಿದವೇ?

ಕೆಲಸ ಒಂದೇ ಆಗಿತ್ತು, ಒಟ್ಟಾಗಿ ಮಾಡಿದ್ದು ಕಡಿಮೆ. ಆ ಬರ ಮೈಸೂರು ಸಂಸ್ಥಾನವನ್ನು ಯಾವ ಮಟ್ಟಿಗೆ ಅಲ್ಲಾಡಿಸಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50.5 ಲಕ್ಷದಷ್ಟಿದ್ದ ಜನಸಂಖ್ಯೆ 1881ರ ಎಣಿಕೆಯಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. ತುಮಕೂರು, ಕೋಲಾರಗಳಂಥ ಒಣಭೂಮಿಯ ಜಿಲ್ಲೆಗಳು, ಕೆರೆ ಬತ್ತಿದರೆ ಬದುಕೇ ಬತ್ತುವ ಸೀಮೆಗಳು, ಹೆಚ್ಚು ನೊಂದವು. ಲಂಡನ್ನಿನಲ್ಲಿ ಸಂಗ್ರಹವಾದ ಮ್ಯಾನ್ಷನ್ ಹೌಸ್ ನಿಧಿಯನ್ನು ಹಂಚಲು ರಚಿಸಿದ ಸ್ಥಳೀಯ ಸಮಿತಿಗಳಲ್ಲಿ ಸರ್ಕಾರಿ ಅಧಿಕಾರಿಗಳ ಜೊತೆ ಮಿಷನರಿಗಳೂ ಕುಳಿತರು. ಆದರೆ ಅನಾಥ ಮಕ್ಕಳ ವಿಷಯ ಬಂದಾಗ ಪ್ರತಿಯೊಂದು ಪಂಗಡವೂ ತನ್ನದೇ ಆಶ್ರಯಧಾಮ ಕಟ್ಟಿಕೊಂಡಿತು. ಕಥೋಲಿಕರು ಬೆಂಗಳೂರಿನ ಉತ್ತರಕ್ಕೆ ಅಂಥ ಮಕ್ಕಳಿಗಾಗಿ ಕಟ್ಟಿದ ಊರು ಸಿಲುವೆಪುರ ಇಂದಿಗೂ ಇದೆ.

ಕೋಲಾರದ ಕಥೆ ಇನ್ನೂ ಕುತೂಹಲಕರ. ಹಿಂದೆ ಲಂಡನ್ ಮಿಷನ್ನಿನಲ್ಲಿದ್ದ ಮಿಸ್ ಆನ್‌ಸ್ಟಿ ಎಂಬಾಕೆ ಯಾವ ದೊಡ್ಡ ಸಂಸ್ಥೆಯ ಬೆಂಬಲವನ್ನೂ ನೆಚ್ಚಿಕೊಳ್ಳದೆ ಅಲ್ಲಿ ಬರಗಾಲದ ಅನಾಥರಿಗಾಗಿ ಆಶ್ರಮ ತೆರೆದರು. ಮಕ್ಕಳು ಬೆಳೆದರು, ಖರ್ಚೂ ಬೆಳೆಯಿತು. ಒಬ್ಬರ ಕೈಯಲ್ಲಿ ನಡೆಯುವ ಕೆಲಸವಾಗಿ ಅದು ಉಳಿಯಲಿಲ್ಲ. 1890ರಲ್ಲಿ ಅದನ್ನು ಅವರು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಕೋಲಾರ ಮೆಥೋಡಿಸ್ಟರ ಊರಾದದ್ದು ಹೀಗೆ. ಆ ಮಕ್ಕಳಿಗೆ ಊಟ ಹಾಕುವುದೇ ಮುಖ್ಯ, ಬೋರ್ಡಿನಲ್ಲಿ ಯಾರ ಹೆಸರಿದ್ದರೇನು ಎಂಬ ತೀರ್ಮಾನ ಆ ಹಸ್ತಾಂತರದಲ್ಲಿದೆ. ಈ ಸೀಮೆಯಲ್ಲಿ ಪಂಗಡದ ಗೆರೆ ದಾಟಿದ ಮೊದಲ ದೊಡ್ಡ ನಡೆ ಎಂದು ಅದನ್ನು ಗುರುತಿಸಬಹುದು.

ಕನ್ನಡ ಬೈಬಲಿಗೂ ಈ ವಿಷಯಕ್ಕೂ ಏನು ಸಂಬಂಧ?

ಎಲ್ಲ ಪಂಗಡಗಳಿಗೂ ಬೇಕಾಗಿದ್ದು, ಯಾರೊಬ್ಬರೂ ತಾವೇ ಮಾಡಿ ಮುಗಿಸಲಾಗದ್ದು ಆ ಕೆಲಸ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅದರ ಭಾಷೆ ತಿದ್ದುವ ಹೊಣೆ ಬಂದಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್, ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ನುಗಳವರು ಜಂಟಿಯಾಗಿ ಕುಳಿತರು. ದೀಕ್ಷಾಸ್ನಾನ ಹೇಗಿರಬೇಕು, ಬಿಷಪ್ ಬೇಕೋ ಬೇಡವೋ ಎಂಬುದರಲ್ಲಿ ಒಮ್ಮತವಿಲ್ಲದವರು ಒಂದೊಂದು ವಾಕ್ಯದ ಕ್ರಿಯಾಪದಕ್ಕೂ ಒಮ್ಮತಕ್ಕೆ ಬರಬೇಕಾಯಿತು.

ಕಥೋಲಿಕರು ಈ ಕೆಲಸಕ್ಕೆ ಕೂಡಿದ್ದು ಬಹಳ ತಡವಾಗಿ. 1968ರಲ್ಲಿ ಬೈಬಲ್ ಸೊಸೈಟಿಗಳ ಒಕ್ಕೂಟವೂ ವ್ಯಾಟಿಕನ್ನೂ ಜಂಟಿ ಅನುವಾದಕ್ಕೆ ಮಾರ್ಗಸೂತ್ರ ಒಪ್ಪಿಕೊಂಡ ಮೇಲೆ ದಾರಿ ತೆರೆಯಿತು. ಇಂದು ಬೈಬಲ್ ಸೊಸೈಟಿಯ ಸರಳ ಭಾಷೆಯ ಕನ್ನಡ ಅನುವಾದ, ಕಥೋಲಿಕರು ಅಂಗೀಕರಿಸುವ ಹೆಚ್ಚುವರಿ ಗ್ರಂಥಗಳನ್ನೂ ಒಳಗೊಂಡ ಆವೃತ್ತಿಯಲ್ಲಿ, ದೊರೆಯುತ್ತದೆ.

ತುಮಕೂರಿನಲ್ಲಿ ಜಂಟಿ ಸೆಮಿನರಿ ಇತ್ತಂತೆ, ನಿಜವೇ?

ನಿಜ. ಯೂನಿಯನ್ ಕ್ಯಾನರೀಸ್ ಸೆಮಿನರಿ ಎಂಬ ಹೆಸರಿನಲ್ಲಿ, ಕನ್ನಡ ಸಭೆಗಳಿಗೆ ಬೋಧಕರನ್ನೂ ಉಪದೇಶಿಗಳನ್ನೂ ಕನ್ನಡದಲ್ಲಿಯೇ ತಯಾರು ಮಾಡುವ ಶಾಲೆ ತುಮಕೂರಿನಲ್ಲಿ ನಡೆಯುತ್ತಿತ್ತು. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜನ್ನು ಹಲವು ಮಿಷನ್ನುಗಳು ಸೇರಿ ಕಟ್ಟಿದವು. ಅಲ್ಲಿನ ಪಾಠ ಇಂಗ್ಲಿಷಿನಲ್ಲಿ, ಅಲ್ಲಿಂದ ಹೊರಬಂದವರು ಇಡೀ ದಕ್ಷಿಣ ಭಾರತಕ್ಕೆ ಹೋಗುವವರು. ಹಳ್ಳಿಯ ಸಭೆಗೆ ರಾಗಿ ಕೊಯ್ಲಿನ ಕಾಲವನ್ನೂ ಕೆರೆಯ ನೀರಿನ ಸರದಿಯನ್ನೂ ಬಲ್ಲ, ಊರಿನವರ ಮಾತಿನಲ್ಲೇ ಬೋಧಿಸುವ ಉಪದೇಶಿ ಬೇಕಿತ್ತು. ಆ ಕೊರತೆ ತುಂಬಿದ್ದು ತುಮಕೂರಿನ ಸೆಮಿನರಿ. ಮುಂದೆ ಅದು ಮಂಗಳೂರಿನ ಬಾಸೆಲ್ ಮಿಷನ್ನಿನ 1847ರ ಸೆಮಿನರಿಯೊಂದಿಗೆ ಕೂಡಿ 1965ರಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು.

ಸಭೆಗಳ ಐಕ್ಯದ ಬಗ್ಗೆ ಬರೆಯುವವರು ಬಿಷಪ್‌ಗಳ ಮಾತುಕತೆಗೆ ಪುಟಗಟ್ಟಲೆ ಕೊಟ್ಟು ಇಂಥ ಶಾಲೆಗಳಿಗೆ ಒಂದು ಸಾಲು ಕೊಡುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಒಂದೇ ಹಾಸ್ಟೆಲಿನಲ್ಲಿ ಒಂದೇ ಸಾರು ಉಂಡು ಓದಿದ ಹುಡುಗರು ಮುಂದೆ ಬೇರೆ ಬೇರೆ ಪಂಗಡಗಳ ಅಯ್ಯನವರಾಗಿ ಹೋದಾಗ, ಪಕ್ಕದ ಸಭೆಯ ಅಯ್ಯನವರು ಅಪರಿಚಿತರಾಗಿ ಉಳಿಯುವುದಿಲ್ಲ.

ಆಸ್ಪತ್ರೆಗಳ ವಿಷಯದಲ್ಲಿ ಸಹಕಾರ ಹೇಗಿತ್ತು?

ಮೂರು ಜಿಲ್ಲೆಗಳ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಅಧ್ಯಾಯ ಇದೇ.

ಚಿಕ್ಕಬಳ್ಳಾಪುರದಲ್ಲಿ ಇಂದು ಸಿ.ಎಸ್.ಐ. ಆಸ್ಪತ್ರೆ ಎಂದು ಕರೆಯುವುದು ಮೊದಲಿಗೆ ಲಂಡನ್ ಮಿಷನ್ನಿನದು. ಆ ಮಿಷನ್ನಿನ ಕಾರ್ಯದರ್ಶಿಯಾಗಿ ದೀರ್ಘಕಾಲ ದುಡಿದ ರಾಲ್ಫ್ ವಾರ್ಡ್ಲಾ ಥಾಮ್ಸನ್ ಅವರ ಹೆಸರಿನಲ್ಲಿ ಅದು 20ನೇ ಶತಮಾನದ ಎರಡನೇ ದಶಕದಲ್ಲಿ ಆರಂಭವಾಯಿತು. ಕೋಲಾರದಲ್ಲಿ ಮೆಥೋಡಿಸ್ಟರು ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಕಟ್ಟಿದರು. ಅಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಅದು ಇ.ಟಿ.ಸಿ.ಎಂ. ಆಸ್ಪತ್ರೆ. ಮೇಲುನೋಟಕ್ಕೆ ಇವು ಎರಡು ಪಂಗಡಗಳ ಎರಡು ಪ್ರತ್ಯೇಕ ಸಂಸ್ಥೆಗಳು. ಆದರೆ ಅವುಗಳ ಹಿಂದೆ ಒಂದು ಜಾಲವಿತ್ತು. 1905ರಲ್ಲಿ ವೈದ್ಯಕೀಯ ಮಿಷನರಿಗಳ ಸಂಘವಾಗಿ ಹುಟ್ಟಿ 1926ರಲ್ಲಿ ಭಾರತ ಕ್ರೈಸ್ತ ವೈದ್ಯಕೀಯ ಸಂಘವೆಂಬ ಹೆಸರು ಪಡೆದ ಸಂಸ್ಥೆಯು ಪಂಗಡ ನೋಡದೆ ಮಿಷನ್ ಆಸ್ಪತ್ರೆಗಳ ವೈದ್ಯರನ್ನೂ ನರ್ಸುಗಳನ್ನೂ ಒಂದೆಡೆ ತಂದಿತು. ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳ ನರ್ಸಿಂಗ್ ಶಾಲೆಗಳಿಗೆ ಸಾಮಾನ್ಯ ಪಠ್ಯಕ್ರಮ ಮತ್ತು ಸಾಮಾನ್ಯ ಪರೀಕ್ಷೆ ನಡೆಸುವ ಮಂಡಳಿಯೂ ಅದರ ಆಶ್ರಯದಲ್ಲಿಯೇ ಬೆಳೆಯಿತು. ಕೇಳಲು ಇದು ಕಚೇರಿಯ ವ್ಯವಹಾರದಂತಿದೆ. ಆದರೆ ಬಡ ಕುಟುಂಬದ ಹುಡುಗಿ ಒಂದು ಪಂಗಡದ ಆಸ್ಪತ್ರೆಯಲ್ಲಿ ಕಲಿತು ಪಡೆದ ಸರ್ಟಿಫಿಕೇಟು ಇನ್ನೊಂದು ಪಂಗಡದ ಆಸ್ಪತ್ರೆಯಲ್ಲಿಯೂ ಚಲಾವಣೆಯಾಗುವಂತೆ ಮಾಡಿದ್ದು ಈ ಏರ್ಪಾಡೇ.

ನಿಜವಾದ ಅರ್ಥದಲ್ಲಿ ಜಂಟಿ ಸಂಸ್ಥೆ ಬೇಕೆಂದರೆ ಆಂಧ್ರದ ಗಡಿ ದಾಟಿ ಮದನಪಲ್ಲಿಗೆ ಹೋಗಬೇಕು. ಶ್ರೀನಿವಾಸಪುರ, ಚಿಂತಾಮಣಿ ಕಡೆಯವರಿಗೆ ಅದು ದೂರದ ಊರೇನಲ್ಲ. ಅಲ್ಲಿನ ಆರೋಗ್ಯವರದಲ್ಲಿ 1915ರಲ್ಲಿ ತೆರೆದ ಯೂನಿಯನ್ ಮಿಷನ್ ಕ್ಷಯರೋಗ ಸ್ಯಾನಟೋರಿಯಂಗೆ ಅನೇಕ ಮಿಷನ್ನುಗಳು ಸೇರಿ ಹಣ ಹಾಕಿದ್ದವು, ಡೆನ್ಮಾರ್ಕಿನ ಡಾ. ಕ್ರಿಶ್ಚಿಯನ್ ಫ್ರಿಮೊಡ್ ಮೊಲ್ಲರ್ ಅದರ ಮೊದಲ ಮುಖ್ಯಸ್ಥರು. ಕ್ಷಯಕ್ಕೆ ಆಗ ಔಷಧಿಯೇ ಇರಲಿಲ್ಲ. ತಿಂಗಳುಗಟ್ಟಲೆ ವಿಶ್ರಾಂತಿ, ಒಳ್ಳೆಯ ಊಟ, ತೆರೆದ ಗಾಳಿ, ಇಷ್ಟೇ ಚಿಕಿತ್ಸೆ. ಒಬ್ಬ ರೋಗಿಯನ್ನು ವರ್ಷದ ಮೇಲೆ ಸಾಕಬೇಕಾದ ಇಂಥ ಆಸ್ಪತ್ರೆಯನ್ನು ಒಂದು ಮಿಷನ್ ಒಂಟಿಯಾಗಿ ನಡೆಸುವುದು ಅಸಾಧ್ಯವಾಗಿತ್ತು. ರೋಗದ ಸ್ವಭಾವವೇ ಪಂಗಡಗಳನ್ನು ಒಂದುಗೂಡಿಸಿತು. ಭಾರತದಲ್ಲಿ ಬಿ.ಸಿ.ಜಿ. ಚುಚ್ಚುಮದ್ದಿನ ಕೆಲಸ 1948ರಲ್ಲಿ ಆರಂಭವಾದದ್ದು ಇದೇ ಮದನಪಲ್ಲಿಯಲ್ಲಿ.

ವೆಲ್ಲೂರಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಇಡಾ ಸ್ಕಡರ್ ಅವರು 1900ರಲ್ಲಿ ಆರಂಭಿಸಿದ ಚಿಕಿತ್ಸಾಲಯವು ಮುಂದೆ ಹತ್ತಾರು ಪಂಗಡಗಳ ಬೆಂಬಲದಿಂದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು. ಕೋಲಾರ, ಮುಳಬಾಗಿಲು, ಕೆ.ಜಿ.ಎಫ್. ಕಡೆ ಕಾಯಿಲೆ ಕೈಮೀರಿದಾಗ ‘ವೆಲ್ಲೂರಿಗೆ ಕರೆದುಕೊಂಡು ಹೋಗಿ’ ಎನ್ನುವುದು ಇಂದಿಗೂ ಎಲ್ಲ ಜಾತಿ ಧರ್ಮಗಳ ಮನೆಗಳಲ್ಲಿ ಕೇಳುವ ಮಾತು.

ಸಿ.ಎಸ್.ಐ. ಹುಟ್ಟಿದ್ದು ಹೇಗೆ? ಇಲ್ಲಿ ಅದರಿಂದ ಏನು ಬದಲಾಯಿತು?

1908ರಲ್ಲಿ ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳು ಸೇರಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಕೂಡಿದ ಬೋಧಕರು, ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ ಅವರ ಮುಂದಾಳತ್ವದಲ್ಲಿ, ಆಂಗ್ಲಿಕನ್ ಸಭೆಯೂ (ಇಂಗ್ಲೆಂಡಿನ ಚರ್ಚಿನ ಮೂಲದ, ಬಿಷಪ್‌ಗಳಿರುವ ಸಭೆ) ಅದರೊಂದಿಗೆ ಕೂಡಬೇಕೆಂದು ಕರೆ ಕೊಟ್ಟರು. ಬಿಷಪ್ ಕೈಯಿಂದ ಅಭಿಷೇಕವಾಗದ ಬೋಧಕರನ್ನು ಬೋಧಕರೆಂದು ಒಪ್ಪಬೇಕೇ ಎಂಬ ಒಂದು ಪ್ರಶ್ನೆಯೇ ವರ್ಷಗಟ್ಟಲೆ ಎಳೆಯಿತು. ಅಂತೂ 28 ವರ್ಷಗಳ ಮಾತುಕತೆಯ ಬಳಿಕ, ವೆಸ್ಲಿಯನ್ ಮೂಲದ ಮೆಥೋಡಿಸ್ಟರೂ ಸೇರಿ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಯಾಯಿತು. ಅಜರಯ್ಯನವರು ಅದನ್ನು ನೋಡಲು ಇರಲಿಲ್ಲ. ಅವರು 1945ರಲ್ಲಿ ತೀರಿಕೊಂಡಿದ್ದರು.

ಇಲ್ಲಿನ ಬದಲಾವಣೆ ಸರಳ: ವೆಸ್ಲಿಯನ್ ತುಮಕೂರು ಮತ್ತು ಲಂಡನ್ ಮಿಷನ್ನಿನ ಚಿಕ್ಕಬಳ್ಳಾಪುರ ಒಂದೇ ಮೈಸೂರು ಸಭಾಪ್ರಾಂತದೊಳಗೆ, ಅಂದರೆ ಒಬ್ಬ ಬಿಷಪ್ಪರ ಆಡಳಿತದೊಳಗೆ, ಬಂದವು. ಅದರ ಮೊದಲ ಬಿಷಪ್ ಪಿ. ಗುರುಶಾಂತ ಅವರು. 1970ರಲ್ಲಿ ಆ ಪ್ರಾಂತ ಮೂರಾಗಿ ಒಡೆದಾಗ ಇವು ಬೆಂಗಳೂರಿನೊಂದಿಗೆ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿದವು. ಸಾಮಾನ್ಯ ಭಕ್ತರಿಗೆ ತಿಳಿದ ವ್ಯತ್ಯಾಸವೆಂದರೆ, ವರ್ಗಾವಣೆಯಾಗಿ ಬರುವ ಅಯ್ಯನವರು ಯಾವ ಮೂಲದವರೆಂದು ಕೇಳುವ ರೂಢಿ ನಿಧಾನವಾಗಿ ತಪ್ಪಿದ್ದು.

ಕೋಲಾರದ ಮೆಥೋಡಿಸ್ಟರು ಸಿ.ಎಸ್.ಐ.ಗೆ ಏಕೆ ಸೇರಲಿಲ್ಲ?

‘ಮೆಥೋಡಿಸ್ಟ್’ ಎಂಬ ಹೆಸರು ಒಂದೇ ಆದರೂ ಇವರು ತುಮಕೂರಿನವರಂತೆ ಬ್ರಿಟನ್ನಿನ ವೆಸ್ಲಿಯನ್ ಮೂಲದವರಲ್ಲ, ಅಮೆರಿಕದ ಮೂಲದವರು. ಅವರ ಸಂಘಟನೆ ಉತ್ತರ ಭಾರತದಿಂದ ದಕ್ಷಿಣದವರೆಗೆ ಒಂದೇ ಆಗಿ ಹಬ್ಬಿತ್ತು. ದಕ್ಷಿಣದ ಭಾಗವನ್ನು ಮಾತ್ರ ಕತ್ತರಿಸಿ ಸಿ.ಎಸ್.ಐ.ಗೆ ಕೊಡುವುದು ಅವರಿಗೆ ಬೇಕಿರಲಿಲ್ಲ. ಉತ್ತರ ಭಾರತ ಸಭೆಯ ರಚನೆಗಾಗಿ ನಡೆದ ಮಾತುಕತೆಯಲ್ಲಿ ಅವರಿದ್ದರು, ಆದರೆ 1970ರಲ್ಲಿ ಆ ಸಭೆ ಉದ್ಘಾಟನೆಯಾಗುವ ಹೊತ್ತಿಗೆ ಹಿಂದೆ ಸರಿದರು. 1981ರಲ್ಲಿ ಭಾರತ ಮೆಥೋಡಿಸ್ಟ್ ಸಭೆ ಎಂಬ ಸ್ವಾಯತ್ತ ಸಂಸ್ಥೆಯಾದರು.

ಇದನ್ನು ಐಕ್ಯದ ಸೋಲು ಎಂದು ಕೆಲವರು ಬಗೆಯುತ್ತಾರೆ. ಆ ಮಾತನ್ನು ಒಪ್ಪುವುದು ಕಷ್ಟ. ಆಡಳಿತ ಬೇರೆಯಾಗಿದ್ದೂ ಕೋಲಾರದ ಮೆಥೋಡಿಸ್ಟರು ಸಾಮಾನ್ಯ ನರ್ಸಿಂಗ್ ಪರೀಕ್ಷೆ, ಬೈಬಲ್ ಸೊಸೈಟಿ, ರಾಷ್ಟ್ರೀಯ ಕ್ರೈಸ್ತ ಪರಿಷತ್ತು ಇಂಥವುಗಳಲ್ಲಿ ಉಳಿದವರ ಜೊತೆಗೇ ನಡೆದು ಬಂದಿದ್ದಾರೆ. ಇನ್ನೊಂದು ಕಡೆ, ವಿಲೀನಗೊಂಡ ಸಭೆಗಳೊಳಗೆ ಆಸ್ತಿಗಾಗಿ, ಚುನಾವಣೆಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆದದ್ದನ್ನೂ ಜನ ನೋಡಿದ್ದಾರೆ. ವಿಲೀನವೇ ಬೇರೆ, ಸಹಕಾರವೇ ಬೇರೆ. ಎರಡನೆಯದಕ್ಕೆ ಮೊದಲನೆಯದು ಕಡ್ಡಾಯವಲ್ಲ ಎಂಬುದಕ್ಕೆ ಕೋಲಾರಕ್ಕಿಂತ ಒಳ್ಳೆಯ ನಿದರ್ಶನ ಈ ಭಾಗದಲ್ಲಿಲ್ಲ.

ಕಥೋಲಿಕರು ಯಾವಾಗಿನಿಂದ ಜೊತೆಗೂಡಿದರು?

1928ರಲ್ಲಿ ಹನ್ನೊಂದನೇ ಪಯಸ್ ಪೋಪರು ಇಂಥ ಜಂಟಿ ಸಮ್ಮೇಳನಗಳಲ್ಲಿ ಕಥೋಲಿಕರು ಭಾಗವಹಿಸುವುದನ್ನು ತಡೆದಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಹೊರಡಿಸಿದ ಐಕ್ಯದ ಆಜ್ಞಾಪತ್ರದ ನಂತರ ಚಿತ್ರ ಬದಲಾಯಿತು. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹದ ಪಾಠಗಳನ್ನು 1968ರಿಂದ ವ್ಯಾಟಿಕನ್ ಮತ್ತು ಜಾಗತಿಕ ಸಭಾ ಪರಿಷತ್ತು ಸೇರಿಯೇ ಸಿದ್ಧಪಡಿಸುತ್ತವೆ. ಪರಮಪ್ರಸಾದವನ್ನು ಮಾತ್ರ ಹಂಚಿಕೊಳ್ಳುವುದಿಲ್ಲ. ಆ ಗೆರೆ ಇನ್ನೂ ಇದೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಸೇವೆಯ ಕೆಲಸಕ್ಕೆ ಅದು ಅಡ್ಡಬಂದಿಲ್ಲ. ರಕ್ತದಾನ ಶಿಬಿರಕ್ಕೆ ಸಿ.ಎಸ್.ಐ. ಸಭೆಯವರು ಶಾಮಿಯಾನ ಹಾಕಿಸಿದರೆ ಪಕ್ಕದ ಕಾನ್ವೆಂಟಿನ ಸಿಸ್ಟರುಗಳು ನರ್ಸುಗಳನ್ನು ಕಳಿಸುತ್ತಾರೆ.

ಕೆ.ಜಿ.ಎಫ್.ನಲ್ಲಿ ಪರಿಸ್ಥಿತಿ ಬೇರೆಯೇ?

ಬೇರೆಯೇ. ಉಳಿದೆಡೆ ಒಂದು ಸೀಮೆಗೆ ಒಂದು ಮಿಷನ್. ಚಿನ್ನದ ಗಣಿಯಲ್ಲಿ ಎಲ್ಲರೂ ಒತ್ತೊತ್ತಾಗಿ. 1880ರಿಂದ ಗಣಿಗೆ ಕೆಲಸ ಹುಡುಕಿ ಬಂದ ತಮಿಳು, ತೆಲುಗು ಕುಟುಂಬಗಳು ತಮ್ಮ ತಮ್ಮ ಸಭೆಗಳನ್ನೂ ತಂದವು. ಹೀಗೆ ಕಥೋಲಿಕ, ಆಂಗ್ಲಿಕನ್, ಮೆಥೋಡಿಸ್ಟ್, ಲೂಥರನ್ ಸಭೆಗಳು ಕೂಗಳತೆಯಲ್ಲಿ ಎದ್ದವು; ಚಾಂಪಿಯನ್ ರೀಫಿನ ವಿಜಯಮಾತೆಯ ದೇವಾಲಯ ಅವುಗಳಲ್ಲಿ ಹೆಸರಾದದ್ದು. ಗಣಿಯೊಳಗೆ ಬಂಡೆ ಸಿಡಿದು ಸತ್ತವರಲ್ಲಿ ಯಾವ ಪಂಗಡದವರೂ ಇರುತ್ತಿದ್ದರು, ಸಾಲುಮನೆಗಳಲ್ಲಿ ಸಾವಿನ ಮನೆಗೆ ಹೋಗುವವರು ಪಂಗಡ ಕೇಳುತ್ತಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ ರಾತ್ರಿ ಮರಳುವವರಾದರು. ವಾರದ ದಿನಗಳಲ್ಲಿ ಊರಿನಲ್ಲಿ ಉಳಿಯುವವರು ವೃದ್ಧರು, ಮಕ್ಕಳು, ಧೂಳಿನಿಂದ ಶ್ವಾಸಕೋಶ ಕೆಟ್ಟ ಹಳೆಯ ಗಣಿ ಕಾರ್ಮಿಕರು. ಅವರನ್ನು ನೋಡಿಕೊಳ್ಳುವ ಹೊಣೆ ಒಂದೇ ಸಭೆಯ ಹೆಗಲಿಗೆ ಭಾರವಾದದ್ದು.

ಸಾಮಾನ್ಯ ಭಕ್ತರ ಮಟ್ಟದಲ್ಲಿ ಈ ಸಹಕಾರ ಎಲ್ಲಿ ಕಾಣುತ್ತದೆ?

ಸುಗ್ಗಿ ಹಬ್ಬದಲ್ಲಿ ನೋಡಬೇಕು. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹರಾಜು. ರಾಗಿ ಮೂಟೆ, ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ, ಮನೆಯಲ್ಲಿ ಮಾಡಿದ ಕಜ್ಜಾಯದ ಡಬ್ಬಿ ಸಾಲಾಗಿ ಕೂರುತ್ತವೆ. ಒಂದು ಕುಂಬಳಕಾಯಿಯನ್ನು ಐನೂರಕ್ಕೆ ಕೂಗಿ ಕೊಂಡವರೇ ಅದನ್ನು ಮತ್ತೆ ಸಭೆಗೆ ಬಿಟ್ಟುಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬರುತ್ತದೆ. ಕೂಗುವವರಲ್ಲಿ ಬೇರೆ ಸಭೆಯವರೂ ಇರುತ್ತಾರೆ, ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ಸ್ನೇಹಿತರೂ ಇರುತ್ತಾರೆ. ಬಂದ ಹಣದಲ್ಲಿ ಒಂದು ಪಾಲು ಬಡ ಮಕ್ಕಳ ಫೀಜಿಗೆ ಹೋಗುವ ಪದ್ಧತಿ ಅನೇಕ ಸಭೆಗಳಲ್ಲಿದೆ.

ಇನ್ನೊಂದು ಶುಭ ಶುಕ್ರವಾರದ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳಿಗೆ ಏಳು ಮಂದಿ ಬೋಧಕರು. ಅವರನ್ನು ಬೇರೆ ಬೇರೆ ಪಂಗಡಗಳಿಂದ ಕರೆಸುವ ರೂಢಿ ಪಟ್ಟಣಗಳಲ್ಲಿದೆ. ಮೂರು ತಾಸಿನ ಆರಾಧನೆಯಲ್ಲಿ ಮೂರನೆಯವರು ಹೆಚ್ಚು ಹೊತ್ತು ಮಾತಾಡಿದರೆ ಆರನೆಯವರ ಪಾಲು ಮೊಟಕಾಗುವುದೂ ಪ್ರತಿ ವರ್ಷದ ಸಂಪ್ರದಾಯವೇ.

ಹೆಂಗಸರ ಪಾತ್ರವೇನು?

ಬಹುಶಃ ಗಂಡಸರಿಗಿಂತ ಮುಂದೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನವನ್ನು ಹೆಂಗಸರು ಪಂಗಡಭೇದವಿಲ್ಲದೆ ಆಚರಿಸಲು ತೊಡಗಿ ತಲೆಮಾರುಗಳೇ ಕಳೆದವು. ಪ್ರತಿ ವರ್ಷ ಒಂದೊಂದು ದೇಶದ ಸ್ತ್ರೀಯರು ಆರಾಧನೆಯ ಕ್ರಮ ಬರೆಯುತ್ತಾರೆ. ಆ ದಿನದ ಕೂಟಕ್ಕೆ ಸಿಹಿ ಯಾರು, ಖಾರ ಯಾರು ಎಂದು ಹಂಚಿಕೊಂಡ ಗೆಳತಿಯರೇ ಮನೆಯಲ್ಲಿ ಆಪತ್ತು ಬಂದಾಗ ಒಬ್ಬರಿಗೊಬ್ಬರು ಒದಗುತ್ತಾರೆ.

ಈ ಸೇವೆಯೆಲ್ಲ ಮತಾಂತರಕ್ಕಾಗಿಯೇ ಅಲ್ಲವೇ?

19ನೇ ಶತಮಾನದ ಮಿಷನರಿಗಳು ತಮ್ಮ ಉದ್ದೇಶವನ್ನು ಮುಚ್ಚಿಟ್ಟವರಲ್ಲ. ಬರಗಾಲದ ಅನಾಥಾಶ್ರಮಗಳ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು, ಅದನ್ನು ಅಲ್ಲಗಳೆಯಲಾಗದು. ಹಸಿದ ಮಗುವಿಗೆ ಆಯ್ಕೆ ಇತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಜೊತೆಗೆ ಇನ್ನೊಂದು ಸಂಗತಿ: ಒಂದೂವರೆ ಶತಮಾನದಿಂದ ಮಿಷನ್ ಶಾಲೆ, ಆಸ್ಪತ್ರೆಗಳಿಗೆ ಬಂದು ಹೋದವರಲ್ಲಿ ಬಹುಪಾಲು ಜನ ತಮ್ಮ ತಮ್ಮ ಧರ್ಮದಲ್ಲಿಯೇ ಉಳಿದಿದ್ದಾರೆ, ಮೂರೂ ಜಿಲ್ಲೆಗಳಲ್ಲಿ ಕ್ರೈಸ್ತರು ಇಂದಿಗೂ ಅತಿ ಸಣ್ಣ ಸಮುದಾಯ. ಜಂಟಿ ಕೆಲಸದಿಂದ ಆದ ಒಂದು ಉಪಕಾರವನ್ನು ಹೇಳಬೇಕು. ಹಲವು ಪಂಗಡಗಳು ಸೇರಿ ನಡೆಸುವ ಆಸ್ಪತ್ರೆಯಲ್ಲಿ ಯಾವ ಸಭೆಗೆ ಎಷ್ಟು ಮಂದಿ ಸೇರಿದರು ಎಂಬ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ಎಷ್ಟು ಮಂದಿ ವಾಸಿಯಾದರು ಎಂಬುದೇ ಲೆಕ್ಕವಾಗುತ್ತದೆ. ಇನ್ನು ತುಮಕೂರಿನಲ್ಲಂತೂ ಜಾತಿ ಕೇಳದ ಸೇವೆಗೆ ಜನರ ಕಣ್ಣೆದುರಿಗಿರುವ ಅಳತೆಗೋಲು ಸಿದ್ಧಗಂಗಾ ಮಠದ ದಾಸೋಹ. ಚರ್ಚುಗಳ ಸೇವೆಯನ್ನೂ ಜನ ಅದೇ ಅಳತೆಯಲ್ಲಿ ತೂಗುತ್ತಾರೆ, ತೂಗಲಿ.

ಜಾತಿಯ ವಿಷಯ?

ಪಂಗಡದ ಗೋಡೆ ದಾಟಿದವರೂ ಜಾತಿಯ ಗೋಡೆಯ ಮುಂದೆ ನಿಂತದ್ದುಂಟು. ಈ ಜಿಲ್ಲೆಗಳ ಕ್ರೈಸ್ತರಲ್ಲಿ ದಲಿತ ಮೂಲದವರು ಬಹಳ ಮಂದಿ. 1950ರ ರಾಷ್ಟ್ರಪತಿ ಆದೇಶದಂತೆ ಅವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದನ್ನು ವಿಸ್ತರಿಸಲಾಯಿತು. ಈ ಬೇಡಿಕೆಯಲ್ಲಿ ಕಥೋಲಿಕ ಬಿಷಪ್‌ಗಳ ಮಂಡಳಿ ಮತ್ತು ಪ್ರೊಟೆಸ್ಟೆಂಟರ ರಾಷ್ಟ್ರೀಯ ಪರಿಷತ್ತು ಒಂದೇ ದನಿಯಲ್ಲಿ ಮಾತಾಡುತ್ತವೆ, ನವೆಂಬರಿನಲ್ಲಿ ದಲಿತ ವಿಮೋಚನಾ ಭಾನುವಾರವನ್ನು ಜೊತೆಯಾಗಿ ಆಚರಿಸುತ್ತವೆ. ಸಭೆಯೊಳಗಿನ ಮದುವೆ ಸಂಬಂಧಗಳಲ್ಲಿ ಆ ಒಂದೇ ದನಿ ಕೇಳುವುದು ಅಪರೂಪ.

ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳು ಇದರಲ್ಲಿ ಇವೆಯೇ?

ಬಹುತೇಕ ಹೊರಗಿವೆ. ಕೆಲವರು 1951ರಲ್ಲಿ ಆರಂಭವಾದ ಇವ್ಯಾಂಜೆಲಿಕಲ್ ಫೆಲೋಷಿಪ್ ಆಫ್ ಇಂಡಿಯಾದ ಮೂಲಕ ಪರಿಹಾರ ಕಾರ್ಯಗಳಲ್ಲಿ ಸೇರುತ್ತಾರೆ. ಊರಿನ ಮಟ್ಟದಲ್ಲಿ ಎಲ್ಲವೂ ಆಯಾ ಪಾಸ್ಟರ ಸ್ವಭಾವವನ್ನು ಅವಲಂಬಿಸಿದೆ.

ಜಂಟಿ ಕೆಲಸಕ್ಕೆ ಹಣ ಎಲ್ಲಿಂದ? ವಿದೇಶದಿಂದ ಬರುವುದೇ?

ಹಿಂದೆ ಬರುತ್ತಿತ್ತು, ಈಗ ದಾರಿ ಬಹಳ ಕಿರಿದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ಕ್ಕೆ 2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನೋಂದಾಯಿತ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ಜಂಟಿ ಕೆಲಸಕ್ಕೆ ಇದರ ಪೆಟ್ಟು ನೇರವಾದದ್ದು: ಒಂದು ಪಂಗಡದ ದೊಡ್ಡ ಸಂಸ್ಥೆ ಹಣ ತಂದು, ಹಳ್ಳಿಯಲ್ಲಿ ಕೆಲಸ ಮಾಡುವ ಇನ್ನೊಂದು ಪಂಗಡದ ಸಣ್ಣ ಸಂಘಕ್ಕೆ ಕೊಡುವ ಹಳೆಯ ರೀತಿ ನಿಂತಿತು. ಈಗ ಹೆಚ್ಚಿನ ಕೆಲಸ ಕಾಣಿಕೆ, ಹರಾಜು, ಊರಿನ ವರ್ತಕರ ನೆರವಿನಿಂದಲೇ ನಡೆಯಬೇಕು.

ನಮ್ಮ ಊರಿನಲ್ಲಿ ಇಂಥದ್ದನ್ನು ಆರಂಭಿಸುವುದು ಹೇಗೆ?

ಸಮಾಧಿ ಭೂಮಿಯಿಂದ ಆರಂಭಿಸುವುದು ಒಳ್ಳೆಯದು. ಎಲ್ಲ ಪಂಗಡಗಳಿಗೂ ಅದು ಬೇಕು, ಎಲ್ಲಿಯೂ ಜಾಗ ಸಾಲದು, ಜಾಲಿ ಬೆಳೆದು ಕಾಂಪೌಂಡು ಕುಸಿದಿರುವ ಕಡೆಗಳೇ ಹೆಚ್ಚು. ಸ್ವಚ್ಛತೆ, ಬೇಲಿ, ನೀರಿನ ನಲ್ಲಿ, ಬೀಗದ ಕೈ ಯಾರ ಬಳಿ ಎಂಬ ನಾಲ್ಕು ವಿಷಯಗಳನ್ನು ಮಾತಾಡಲು ಕುಳಿತವರಿಗೆ ಒಬ್ಬರ ಗುಣ ಒಬ್ಬರಿಗೆ ತಿಳಿಯುತ್ತದೆ. ಕೆಲಸ ಬೆಳೆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿ, ಬ್ಯಾಂಕ್ ಖಾತೆಗೆ ಬೇರೆ ಬೇರೆ ಸಭೆಗಳ ಇಬ್ಬರ ಸಹಿ ಕಡ್ಡಾಯ ಮಾಡಿಕೊಳ್ಳಬೇಕು. ಪದಾಧಿಕಾರಿಗಳಾಗಿ ಅಯ್ಯನವರನ್ನೂ ಫಾದರನ್ನೂ ಮಾತ್ರ ಇಟ್ಟುಕೊಂಡರೆ ವರ್ಗಾವಣೆಯಾದ ದಿನವೇ ಸಂಘವೂ ವರ್ಗವಾಗುತ್ತದೆ. ಊರಿನಲ್ಲಿಯೇ ನೆಲೆಸಿರುವ ಶಿಕ್ಷಕರು, ನರ್ಸುಗಳು, ಅಂಗಡಿಯವರು ಅದರಲ್ಲಿರಬೇಕು.

ಹಳೆಯ ದಾಖಲೆಗಳನ್ನು ಎಲ್ಲಿ ನೋಡಬಹುದು?

ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರ ಮೊದಲ ನಿಲ್ದಾಣ. ಮಂಗಳೂರಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿಯೂ ಸಂಗ್ರಹವಿದೆ. ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್ನಿನ ಮೂಲ ಪತ್ರಗಳು ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ಸೋಆಸ್ (SOAS) ಸಂಸ್ಥೆಯ ಗ್ರಂಥಾಲಯದಲ್ಲಿವೆ. ಅಮೆರಿಕದ ಮೆಥೋಡಿಸ್ಟರ ದಾಖಲೆಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ. ಇವೆಲ್ಲ ಮಿಷನರಿಗಳ ಕಣ್ಣಿನಿಂದ ಬರೆದವು ಎಂಬುದನ್ನು ಮರೆಯಬಾರದು. ಇಲ್ಲಿನವರ ಹೆಸರು, ತಂದೆ ತಾಯಿ, ಊರು, ಕಸುಬು ಸಿಗುವುದು ಸ್ಥಳೀಯ ಸಭೆಗಳ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರುಗಳಲ್ಲಿ. ಅವನ್ನು ನೋಡಲು ಸಭಾಪಾಲಕರಿಗೂ ಪಾಸ್ಟರೇಟ್ ಕಮಿಟಿಗೂ ಮುಂಚಿತವಾಗಿ ಅರ್ಜಿ ಬರೆದು, ಯಾವ ವರ್ಷದ ಯಾವ ಹೆಸರು ಬೇಕೆಂದು ಸ್ಪಷ್ಟವಾಗಿ ತಿಳಿಸಬೇಕು. ಹಾಳೆಗಳು ಪುಡಿಯಾಗುವ ಸ್ಥಿತಿಯಲ್ಲಿರುವುದರಿಂದ ಜೆರಾಕ್ಸ್ ಕೇಳದೆ ಅಲ್ಲಿಯೇ ಕುಳಿತು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಕ್ಷೇಮ.